ಪದಚರ್ಚೆ: ‘ಪೊರೆ ಪ್ರೋಟೀನ್’ ಮತ್ತು ‘ಹೊರಮೈ ಪ್ರೋಟೀನ್’ ಒಂದೆಯೇ?

ಪ್ರಾಸ್ಟೇಟ್ ಕ್ಯಾನ್ಸರಿನ ಸ್ಕ್ಯಾನ್ ಚಿತ್ರಣಕ್ಕೂ ಚಿಕಿತ್ಸೆಗೂ ಗುರಿಯಾಗಿರುವ, ‘ಪ್ರಾಸ್ಟೇಟ್-ನಿರ್ದಿಷ್ಟ ಪೊರೆ ಪ್ರತಿಜನಕ’ (ಪ್ರಾಸ್ಟೇಟ್-ಸ್ಪೆಸಿಫಿಕ್ ಮೆಂಬ್ರೇನ್ ಆಂಟಿಜೆನ್) ಎಂಬ ಪೂರ್ಣ ಹೆಸರಿನ ಪಿಎಸ್‌ಎಂಎಯನ್ನು ‘ಜೀವಕೋಶದ ಪೊರೆಯ ಪ್ರೋಟೀನ್’ ಎಂದೂ ‘ಹೊರಮೈ ಪ್ರೋಟೀನ್’ ಎಂದೂ ಕರೆಯುವುದುಂಟು. ಇವೆರಡನ್ನು ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಸುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಈ ಪ್ರೋಟೀನಿನ 750 ಅಮೈನೋ ಆಮ್ಲಗಳಲ್ಲಿ 19 ಕೋಶದ ಒಳಗಿವೆ, 24 ಪೊರೆಯನ್ನು ಹಾದುಹೋಗುತ್ತವೆ, ಉಳಿದ 707 ಹೊರಕ್ಕೆ ಚಾಚಿಕೊಂಡಿವೆ. ಅಮೆರಿಕದಲ್ಲಿ 1996ರಲ್ಲಿ ಚಿತ್ರಣಕ್ಕೆಂದು ಒಪ್ಪಿಗೆ ಪಡೆದ ಕ್ಯಾಪ್ರೋಮ್ಯಾಬ್ ಎಂಬ ಪ್ರತಿಕಾಯವು ಅಂಟಿಕೊಳ್ಳುತ್ತಿದ್ದುದು ಒಳಗಿನ ಆ ಪುಟ್ಟ ತುದಿಗೆ. ಬದುಕಿರುವ ಕೋಶದೊಳಕ್ಕೆ ಪ್ರತಿಕಾಯ ನುಗ್ಗಲಾರದ್ದರಿಂದ, ಪೊರೆ ಹರಿದು ಸತ್ತ ಅಥವಾ ಸಾಯುತ್ತಿರುವ ಕೋಶಗಳೇ ಅದಕ್ಕೆ ಹೆಚ್ಚಾಗಿ ಸಿಕ್ಕುತ್ತಿದ್ದವು. ಗುರಿ ಪೊರೆಯ ಪ್ರೋಟೀನೇ ಆಗಿತ್ತು, ಹಿಡಿದ ಜಾಗ ಮಾತ್ರ ಹೊರಮೈ ಆಗಿರಲಿಲ್ಲ. 2020ರಲ್ಲಿ ಅಲ್ಲಿಯೇ ಚಿತ್ರಣಕ್ಕೆಂದು ಒಪ್ಪಿಗೆ ಪಡೆದ ವಿಕಿರಣಶೀಲ ಅಣುವಾದ ಗ್ಯಾಲಿಯಂ-68 ಪಿಎಸ್‌ಎಂಎ-11 ಮತ್ತು 2022ರಲ್ಲಿ ಚಿಕಿತ್ಸೆಗೆಂದು ಬಂದ ಲುಟೀಷಿಯಂ-177 ಔಷಧ ಎರಡೂ ಕಿಣ್ವವೂ ಆಗಿರುವ ಈ ಪ್ರೋಟೀನಿನ ಹೊರಚಾಚಿದ ಭಾಗದಲ್ಲಿ, ಕಿಣ್ವದ ಕೆಲಸ ನಡೆಯುವ ಕುಳಿಯನ್ನು ಹಿಡಿಯುತ್ತವೆ. ಆದುದರಿಂದ ಪ್ರೋಟೀನಿನ ವರ್ಗವನ್ನು ಹೇಳುವಾಗ ‘ಪೊರೆ ಪ್ರೋಟೀನ್’ ಎಂದೂ, ಔಷಧ ಅಂಟುವ ಜಾಗವನ್ನು ಹೇಳುವಾಗ ‘ಹೊರಮೈ ಗುರಿ’ ಎಂದೂ ಬೇರ್ಪಡಿಸಿ ಬರೆಯುವುದು ಒಳಿತೆಂದು ನನಗೆ ತೋರುತ್ತದೆ. ‘ಮೇಲ್ಮೈ’ ಎಂಬ ಪದ ಹೆಚ್ಚು ಬಳಕೆಯಲ್ಲಿದ್ದರೂ ಅದರಲ್ಲಿ ಒಳಗು-ಹೊರಗಿನ ಭೇದ ಅಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ.

ಇನ್ನೊಂದು ತೊಡಕೂ ಇದೆ. ಅಂಟಿಕೊಂಡ ಅಣುವಿನೊಂದಿಗೆ ಈ ಪ್ರೋಟೀನನ್ನು ಕೋಶವು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ; ವಿಕಿರಣ ಸೂಸುವ ಲುಟೀಷಿಯಂ ಗಡ್ಡೆಯಲ್ಲಿ ಹೆಚ್ಚು ಕಾಲ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಈ ಕ್ರಿಯೆಗೆ ‘ಹೀರಿಕೆ’ ಎಂದರೆ ನೀರನ್ನೋ ಪೋಷಕಾಂಶವನ್ನೋ ಹೀರುವ ಅರ್ಥ ಬರುತ್ತದೆ, ‘ಒಳಸೆಳೆತ’ ಎಂದರೆ ಮನಸ್ಸಿನ ಸೆಳೆತದ ಛಾಯೆ ಮೂಡುತ್ತದೆ. ನನಗೆ ‘ಒಳಗೆಳೆತ’ ಪರವಾಗಿಲ್ಲ ಎನಿಸಿದೆ, ಕಿವಿಗೆ ತುಸು ಒರಟಾದರೂ.

ಹೆಸರಿನಲ್ಲಿರುವ ‘ಪ್ರಾಸ್ಟೇಟ್-ನಿರ್ದಿಷ್ಟ’ ಎಂಬುದನ್ನೂ ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ. ಈ ಪ್ರೋಟೀನ್ ಮೂತ್ರಪಿಂಡ ಮತ್ತು ಸಣ್ಣ ಕರುಳಿನಲ್ಲಿಯೂ ಇದೆ. ಲಾಲಾಗ್ರಂಥಿಗಳೂ ಔಷಧವನ್ನು ಸೆಳೆದುಕೊಳ್ಳುವುದರಿಂದ ಚಿಕಿತ್ಸೆ ಪಡೆದವರಲ್ಲಿ ಬಾಯಿ ಒಣಗುವುದು ಸಾಮಾನ್ಯ. ಹೆಸರನ್ನು ಬದಲಿಸುವ ಅಧಿಕಾರ ನಮಗಿಲ್ಲವಾದ್ದರಿಂದ ಅದು ಹಾಗೆಯೇ ಇರಲಿ.

‘ಹೊರಮೈ ಗುರಿ’ ಮತ್ತು ‘ಒಳಗೆಳೆತ’ಗಳಿಗಿಂತ ಹೊಂದುವ ಪದಗಳು ಜೀವವಿಜ್ಞಾನದ ಪಾಠ ಹೇಳುವವರ ಬಳಕೆಯಲ್ಲಿದ್ದರೆ ದಯವಿಟ್ಟು ಉದಾಹರಣೆ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.