ಅಗಲ ಪಾದಕ್ಕೆ ಬೂಟು: ಅಮೆರಿಕದ ಬೇಟೆ ಬೂಟು ತರಿಸಬಹುದಾ, ಇಲ್ಲೇ ಏನಾದರೂ ಸಿಗುತ್ತಾ?

ರೋಬಸ್ಟಾ_ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ಮಳೆ ಇರಲಿ ಬಿಸಿಲಿರಲಿ, ದಿನಾ ಎರಡು ಮೂರು ಗಂಟೆ ತೋಟ ಸುತ್ತಲೇಬೇಕು. ನನ್ನ ಪಾದ ತುಂಬಾ ಅಗಲ. ಬೆರಳುಗಳ ಹತ್ತಿರ ಬೀಸಣಿಗೆ ಹಾಗೆ ಹರಡಿಕೊಂಡಿದೆ, ಪಾದದ ಮೇಲ್ಭಾಗವೂ ಎತ್ತರ, ಆದರೆ ಹಿಮ್ಮಡಿ ಸಣ್ಣದು. ನಮ್ಮಪ್ಪನ ಪಾದವೂ ಹೀಗೇ ಇತ್ತು. ಅವರು ಜೀವನವಿಡೀ ಚಪ್ಪಲಿಯಲ್ಲೇ ತೋಟ ಸುತ್ತಿದರು, ನನಗೆ ಆ ಧೈರ್ಯ ಇಲ್ಲ.

ಮಡಿಕೇರಿ, ಕುಶಾಲನಗರ, ಮೈಸೂರು ಎಲ್ಲಾ ಕಡೆ ಅಂಗಡಿ ಸುತ್ತಿದ್ದೇನೆ. ಎಲ್ಲಿ ಹೋದರೂ ಒಂದೇ ಮಾತು, "ಒಂದು ನಂಬರ್ ದೊಡ್ಡದು ತಗೊಳ್ಳಿ ಸರ್". ಉದ್ದಕ್ಕೆ ನನ್ನ ನಂಬರ್ 8. ಈಗ ಹಾಕ್ತಿರೋದು 10. ಆದರೂ ಎಡಗಾಲಿನ ಕಿರುಬೆರಳಿನ ಪಕ್ಕ ಉಜ್ಜಿ ಉಜ್ಜಿ ಆಣಿ ಆಗಿದೆ, ಅದೇ ಜಾಗದಲ್ಲಿ ಬೂಟಿನ ಚರ್ಮವೂ ಬಿರುಕು ಬಿಟ್ಟಿದೆ. ಹಿಂದೆ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆದ್ದು ಬರುತ್ತೆ.

ಇದನ್ನು ಹೇಗೋ ಸಹಿಸಿಕೊಂಡು ಹೋಗ್ತಿದ್ದೆ. ಆದರೆ ಹೋದ ಕಕ್ಕಡದಲ್ಲಿ (ನಮ್ಮ ಕಡೆಯ ಜೋರು ಮಳೆಯ ತಿಂಗಳು) ಒಂದು ದಿನ, ಗಂಬೂಟು ಹಾಕಿಕೊಂಡು ಮೇಲಿನ ಬೇಲಿ ನೋಡೋಕೆ ಹೋಗಿದ್ದೆ. ಹಲಸಿನ ಮರದ ಹಿಂದೆ ಆನೆ ಇತ್ತು. ಮಳೆ ಸದ್ದಿಗೆ ಗೊತ್ತೇ ಆಗಲಿಲ್ಲ, ಇಪ್ಪತ್ತು ಮೀಟರ್ ಇರಬಹುದು ಅಷ್ಟೇ. ಜೊತೆಗಿದ್ದ ಹುಡುಗ ಕೂಗಿದ, ಇಬ್ಬರೂ ಓಡಿದೆವು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಎಡಗಾಲಿನ ಬೂಟು ಕೆಸರಲ್ಲೇ ಉಳಿಯಿತು. ಬರಿಗಾಲಲ್ಲಿ ಓಡಿ ಬಂದೆ, ಅಂಗಾಲಿಗೆ ಕಡ್ಡಿ ಚುಚ್ಚಿ ಮೂರು ಹೊಲಿಗೆ ಬಿತ್ತು. ಆನೆ ಹಿಂದೆ ಬರಲಿಲ್ಲ, ಅದು ದೇವರ ದಯೆ. ಅವತ್ತಿಂದ ಸರಿಯಾದ ಬೂಟು ಇಲ್ಲದೆ ತೋಟಕ್ಕೆ ಇಳಿಯೋಕೆ ಮನೆಯವರು ಬಿಡ್ತಿಲ್ಲ, ನನಗೂ ಹೆದರಿಕೆ.

ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ, ಪುತ್ತರಿಗೆ (ನಮ್ಮ ಸುಗ್ಗಿ ಹಬ್ಬ) ಊರಿಗೆ ಬರ್ತಾನೆ. ಅಲ್ಲಿ ಬೇಟೆಗೆ ಹೋಗುವವರ ಬೂಟುಗಳು ಡಿ, ಇಇ, ಇಇಇಇ ಅಂತ ಅಗಲದ ಲೆಕ್ಕದಲ್ಲೂ ಸಿಗುತ್ತಂತೆ. ತರಿಸಲಾ? ನನಗೆ ಬೇಟೆ ಏನೂ ಇಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಮನೆಯ ಕೋವಿ ಹೊರಗೆ ಬರೋದು ಕೈಲ್‌ಪೊಳ್ದಿಗೆ (ಕೊಡಗಿನ ಆಯುಧ ಪೂಜೆಯ ಹಬ್ಬ) ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋಕೆ ಮಾತ್ರ. ಬೂಟು ಬೇಕಾಗಿರೋದು ತೋಟಕ್ಕೆ, ಜಿಗಣೆಗೆ, ಹಾವಿಗೆ, ಕೆಸರಿಗೆ. 15,000 ರೂಪಾಯಿ ತನಕ ಕೊಡೋಕೆ ತಯಾರಿದ್ದೇನೆ.

ಬರೆ_ಹತ್ತುವವ (ನಾಪೋಕ್ಲು)

ಮೊದಲು ಆ 10 ನಂಬರ್ ಬಿಡಿ ಅಣ್ಣ. ನಿಮ್ಮ ತೊಂದರೆಯ ಬೇರು ಅದೇ.

ನಮ್ಮಲ್ಲಿ ನಡೆಯೋದು ಯುಕೆ ನಂಬರ್. ಒಂದು ನಂಬರ್ ಹೆಚ್ಚಾದರೆ ಉದ್ದ ಸುಮಾರು 8.5 ಮಿಲಿಮೀಟರ್ ಹೆಚ್ಚಾಗುತ್ತೆ. ಎರಡು ನಂಬರ್ ಅಂದರೆ 17 ಮಿಲಿಮೀಟರ್ ಉದ್ದ ನಿಮಗೆ ಬೇಡದೇ ಇದ್ದರೂ ಬಂತು. ಅಗಲವೂ ಸ್ವಲ್ಪ ಹೆಚ್ಚುತ್ತೆ, ಆದರೆ ನಿಮಗೆ ಬೇಕಾದಷ್ಟಲ್ಲ. ಇನ್ನೊಂದು ವಿಷಯ ಜನ ಗಮನಿಸೋದೇ ಇಲ್ಲ. ಬೂಟು ಮಡಚೋಕೆ ಒಂದು ಜಾಗ ಇರುತ್ತೆ, ಹೆಬ್ಬೆರಳಿನ ಬುಡದ ಗೆಣ್ಣಿಗೆ ಸರಿಯಾಗಿ. ಬೂಟು ಉದ್ದ ಆದರೆ ಆ ಜಾಗ ಮುಂದಕ್ಕೆ ಹೋಗಿಬಿಡುತ್ತೆ. ಆಗ ಕಾಲು ಒಂದು ಕಡೆ ಮಡಚುತ್ತೆ, ಬೂಟು ಇನ್ನೊಂದು ಕಡೆ. ಹಿಮ್ಮಡಿ ಎದ್ದು ಬರೋದು ಅದಕ್ಕೇ.

ಈಗ ಒಂದು ಕೆಲಸ ಮಾಡಿ. ಬೂಟಿನ ಒಳಗಿನ ಇನ್‌ಸೋಲ್ ಎಳೆದು ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಪಾದ ಪಕ್ಕದಿಂದ ಎಷ್ಟು ಹೊರಗೆ ಬಂತು, ಮುಂದೆ ಎಷ್ಟು ಖಾಲಿ ಉಳಿಯಿತು ನೋಡಿ. ಅಂಗಡಿಯಲ್ಲೂ ಇದನ್ನೇ ಮಾಡಿ, ಯಾರೂ ಬೇಡ ಅನ್ನಲ್ಲ.

ಆಮೇಲೆ ಅಳತೆ. ಸಂಜೆ ತಗೊಳ್ಳಿ, ಯಾಕಂದರೆ ದಿನವಿಡೀ ನಡೆದ ಮೇಲೆ ಪಾದ ಊದಿಕೊಂಡಿರುತ್ತೆ. ತೋಟಕ್ಕೆ ಹಾಕೋ ಕಾಲುಚೀಲವನ್ನೇ ಹಾಕಿರಿ. ಹಿಮ್ಮಡಿ ಗೋಡೆಗೆ ತಾಗಿಸಿ, ಕಾಗದದ ಮೇಲೆ ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಸಿ. ನೀವೇ ಬಗ್ಗಿ ಎಳೆದರೆ ಭಾರ ಒಂದು ಕಡೆ ವಾಲಿ ಅಳತೆ ತಪ್ಪುತ್ತೆ. ಎರಡೂ ಕಾಲು ಅಳೆಯಿರಿ, ದೊಡ್ಡ ಕಾಲಿನ ಲೆಕ್ಕಕ್ಕೆ ಬೂಟು ತಗೊಳ್ಳಿ.

ಅಮೆರಿಕದ ಅಕ್ಷರಗಳ ವಿಷಯ. ಗಂಡಸರಿಗೆ ಡಿ ಅಂದರೆ ಸಾಮಾನ್ಯ ಅಗಲ, ಇಇ (2ಇ ಅಂತಲೂ ಬರೀತಾರೆ) ಅಗಲ, 4ಇ ತುಂಬಾ ಅಗಲ. ಡ್ಯಾನರ್, ಐರಿಶ್ ಸೆಟ್ಟರ್ ಇವರ ಬೇಟೆ ಬೂಟುಗಳಲ್ಲಿ ಕೆಲವು ಇಇಯಲ್ಲಿ ಸಿಗುತ್ತವೆ. ನ್ಯೂ ಬ್ಯಾಲೆನ್ಸ್ 4ಇ ತನಕವೂ ಮಾಡುತ್ತೆ, ಆದರೆ ಅದು ಹೆಚ್ಚಾಗಿ ಓಡೋ, ನಡೆಯೋ ಶೂ. ಕೀನ್ ಬೂಟುಗಳಲ್ಲಿ ಬೆರಳಿನ ಜಾಗ ಮೊದಲೇ ಅಗಲ. ಒಂದು ಕಂಪನಿಯ ಇಇ ಇನ್ನೊಂದರ ಇಇಗೆ ಸರಿ ಇರಲ್ಲ, ಅಕ್ಷರ ನಂಬಿಕೊಂಡು ಮಾತ್ರ ತಗೋಬೇಡಿ. ನಂಬರ್ ಕೂಡ ನೋಡಿ ಹೇಳಿ, ನಮ್ಮ 8 ಅಲ್ಲಿ ಸುಮಾರು 9.

ಬೇಟೆ ಬೂಟು ತರಿಸೋದಾದರೆ ಒಂದೇ ಒಂದು ಎಚ್ಚರಿಕೆ. ಅಲ್ಲಿ ಬೇಟೆ ನಡೆಯೋದು ಜಾಸ್ತಿ ಚಳಿಯಲ್ಲಿ. ಹಾಗಾಗಿ ಎಷ್ಟೋ ಬೂಟುಗಳ ಒಳಗೆ ಥಿನ್ಸುಲೇಟ್ ಅಂತ ಬೆಚ್ಚಗಿನ ಪದರ ಇರುತ್ತೆ, 400 ಗ್ರಾಂ, 800 ಗ್ರಾಂ ಅಂತ ಬರೆದಿರ್ತಾರೆ. ನಮ್ಮ ತೋಟದಲ್ಲಿ ಅದನ್ನು ಹಾಕಿದರೆ ಅರ್ಧ ಗಂಟೆಗೆ ಕಾಲು ಬೆವರಿ ಬೆಂದ ಹಾಗೆ ಆಗುತ್ತೆ, ಆ ಪದರ ಒಳಗಿನ ಜಾಗವನ್ನೂ ತಿನ್ನುತ್ತೆ. ಆ ಪದರ ಇಲ್ಲದ್ದು ಅಂತ ಕೇಳಿಯೇ ತರಿಸಿ.

ಹಳೇ_ಪಲ್ಟನ್

ಮೇಲಿನವರು ಹೇಳಿದ್ದು ಸರಿ. ನಾನು 22 ವರ್ಷ ಫೌಜಿನಲ್ಲಿದ್ದವನು, ಈಗ ಪೊನ್ನಂಪೇಟೆ ಕಡೆ ಗದ್ದೆ, ತೋಟ. ನನ್ನದೂ ಅಗಲ ಪಾದ. ಫೌಜಿನಲ್ಲಿ ಕೊಡೋ ಡಿಎಂಎಸ್ ಅನ್ನೋ ಚರ್ಮದ ಬೂಟಿನಲ್ಲಿ ಮೊದಲ ಆರು ತಿಂಗಳು ಪಟ್ಟ ಪಾಡು ಈಗಲೂ ನೆನಪಿದೆ.

ಚರ್ಮದ ಬೂಟು ಅಗಲಕ್ಕೆ ಸ್ವಲ್ಪ ಹಿಗ್ಗುತ್ತೆ, ಉದ್ದಕ್ಕೆ ಹಿಗ್ಗಲ್ಲ. ಕಿರುಬೆರಳ ಹತ್ತಿರ ಮಾತ್ರ ಒತ್ತುತ್ತಿದ್ದರೆ ಬೂಟು ರಿಪೇರಿಯವರ ಹತ್ತಿರ ಕೊಡಿ. ಮರದ ಅಚ್ಚು ಒಳಗೆ ಹಾಕಿ ಆ ಜಾಗವನ್ನಷ್ಟೇ ಎಬ್ಬಿಸಿ ಕೊಡ್ತಾರೆ. ಒಂದು ರಾತ್ರಿಯಲ್ಲಿ ಆಗಲ್ಲ, ಎರಡು ಮೂರು ದಿನ ಬಿಡಬೇಕು. ರೆಕ್ಸಿನ್, ಪ್ಲಾಸ್ಟಿಕ್ ಬೂಟಿಗೆ ಇದು ನಡೆಯಲ್ಲ. ಹಾಕಿದ ದಿನವೇ ಒತ್ತಿದರೆ ಕೊನೇ ದಿನದ ತನಕ ಒತ್ತುತ್ತೆ.

ಮೇಲ್ಭಾಗ ಎತ್ತರ ಅಂದಿದ್ದೀರಿ. ಅದಕ್ಕೆ ಲೇಸ್ ಕಟ್ಟೋ ರೀತಿ ಬದಲಾಯಿಸಿ. ಎಲ್ಲಿ ಒತ್ತುತ್ತೋ ಅಲ್ಲಿ ಲೇಸನ್ನು ಅಡ್ಡ ಹಾಯಿಸದೆ, ಅದೇ ಪಕ್ಕದ ಮೇಲಿನ ತೂತಿಗೆ ನೇರ ಏರಿಸಿ, ಅಲ್ಲಿಂದ ಮತ್ತೆ ಅಡ್ಡ ಹಾಕಿ. ಆಮೇಲೆ ಪಾದ ಮೇಲಕ್ಕೆ ತಿರುಗೋ ಜಾಗದಲ್ಲಿ ಎರಡೂ ಲೇಸನ್ನು ಒಂದಕ್ಕೊಂದು ಎರಡು ಸುತ್ತು ಹಾಕಿ ಬಿಗಿ ಎಳೆಯಿರಿ. ಹಿಮ್ಮಡಿ ಹಿಂದೆ ಕೂತು ಬಿಡುತ್ತೆ, ಬರೆ (ಕಡಿದಾದ ಇಳಿಜಾರು) ಇಳಿಯುವಾಗ ಬೆರಳು ಮುಂದೆ ಹೋಗಿ ಗುದ್ದಲ್ಲ, ಉಗುರು ಕಪ್ಪಾಗಲ್ಲ.

ಆನೆ ವಿಷಯ ಓದಿ ಮನಸ್ಸಿಗೆ ಬೇಸರ ಆಯಿತು. ಆ ಬೇಲಿ ಕಡೆ ಹೋಗುವಾಗ ಗಂಬೂಟು ಬೇಡ, ಕಾಲಿಗೆ ಬಿಗಿದು ಕಟ್ಟೋ ಬೂಟೇ ಹಾಕಿ. ಗಂಬೂಟಲ್ಲಿ ಓಡೋಕೆ ಯಾರಿಂದಲೂ ಆಗಲ್ಲ.

ಸೋಮವಾರಪೇಟೆ_ಅಕ್ಕ

ಇಲ್ಲಿ ಎಲ್ಲರೂ ಗಂಡಸರ ಬೂಟಿನ ಬಗ್ಗೆಯೇ ಬರೆದಿದ್ದೀರಿ. ಅಗಲ ಪಾದದ ಹೆಂಗಸರಿಗೆ ಇನ್ನೂ ಕಷ್ಟ. ನಮಗೆ ಅಂತ ಮಾಡೋ ಬೂಟು ಇನ್ನೂ ಕಿರಿದು. ಅಮೆರಿಕದ ಲೆಕ್ಕದಲ್ಲಿ ಹೆಂಗಸರ ಸಾಮಾನ್ಯ ಅಗಲ ಬಿ, ಹೆಂಗಸರಿಗೆ ಡಿ ಅಂದರೇನೇ ಅಗಲದ್ದು. ನಾನು ಹತ್ತು ವರ್ಷದಿಂದ ಗಂಡಸರ 6 ನಂಬರ್ ತಗೊಳ್ತಿದ್ದೇನೆ. ಮುಂದೆ ಆರಾಮ, ಹಿಮ್ಮಡಿ ಸ್ವಲ್ಪ ಸಡಿಲ, ಅದಕ್ಕೆ ಒಳಗೆ ಹಿಮ್ಮಡಿ ಹತ್ತಿರ ಒಂದು ಫೋಮ್ ಪಟ್ಟಿ ಅಂಟಿಸಿಕೊಂಡಿದ್ದೇನೆ.

ನಮ್ಮ ತೋಟದ ಕೆಲಸದ ಹೆಂಗಸರಿಗೆ ಗಂಬೂಟು ಕೊಡಿಸುವಾಗ ಮೊದಲು ನಾನೂ ತಪ್ಪು ಮಾಡಿದ್ದೆ, ಎಲ್ಲರಿಗೂ ಒಂದೇ ಅಂಗಡಿಯಿಂದ ಅಂದಾಜಿನ ಮೇಲೆ ಹನ್ನೆರಡು ಜೊತೆ ತಂದೆ. ಒಂದು ವಾರಕ್ಕೆ ಎಂಟು ಜನ ಬೂಟನ್ನು ಲೈನ್ ಮನೆಯಲ್ಲೇ (ತೋಟದ ಕೆಲಸದವರ ಸಾಲು ಮನೆ) ಬಿಟ್ಟು ಬರಿಗಾಲಲ್ಲಿ ಬರೋಕೆ ಶುರು ಮಾಡಿದರು. ಕೇಳಿದರೆ ಏನೂ ಹೇಳಲಿಲ್ಲ. ಒಬ್ಬರ ಕಾಲು ನೋಡಿದೆ, ಎರಡೂ ಪಕ್ಕ ನೀರುಗುಳ್ಳೆ ಎದ್ದು ಒಡೆದಿತ್ತು. ಆಮೇಲೆ ಎಲ್ಲರ ಪಾದ ಕಾಗದದ ಮೇಲೆ ಬರೆಸಿಕೊಂಡು, ಕತ್ತರಿಸಿ, ಆ ಕಾಗದ ಅಂಗಡಿಗೆ ತಗೊಂಡು ಹೋಗಿ ಬೂಟಿನ ಒಳಗೆ ಹಾಕಿ ನೋಡಿ ತಂದೆ. ಮೂರು ಜನರಿಗೆ ಗಂಬೂಟು ಆಗಲೇ ಇಲ್ಲ, ಅವರಿಗೆ ಕ್ಯಾನ್ವಾಸಿನ ಜಂಗಲ್ ಬೂಟು ಕೊಡಿಸಿದೆ. ಬಟ್ಟೆ ಆದ್ದರಿಂದ ಪಾದಕ್ಕೆ ತಕ್ಕ ಹಾಗೆ ಬಗ್ಗುತ್ತೆ, ನೆನೆದರೂ ಬೇಗ ಒಣಗುತ್ತೆ. ಜಿಗಣೆಗೆ ಅದರ ಒಳಗೆ ಮೊಣಕಾಲಿನ ತನಕ ಬರೋ ಒತ್ತು ನೇಯ್ಗೆಯ ಜಿಗಣೆ ಕಾಲುಚೀಲ.

ಅಣ್ಣ, ಬೂಟು ಹಾಕಿ ನೋಡುವಾಗ ಆ ಜಿಗಣೆ ಕಾಲುಚೀಲವನ್ನೂ ಹಾಕಿಕೊಂಡೇ ನೋಡಿ. ಅದು ದಪ್ಪ, ಆಮೇಲೆ ಜಾಗ ಸಾಲಲ್ಲ.

ಮಡಿಕೇರಿ_ಮಳೆ

ನನ್ನದೂ ಒಂದು ಮಾತು. ದುಬಾರಿ ಬೂಟು ತರಿಸಿ ಜೋಪಾನವಾಗಿ ಎತ್ತಿಡಬೇಡಿ. ನಾನು ಒಂದು ಒಳ್ಳೆಯ ಟ್ರೆಕ್ಕಿಂಗ್ ಬೂಟನ್ನು ತಡಿಯಂಡಮೋಳ್ ಬೆಟ್ಟಕ್ಕೆ ಒಂದು ಸಲ ಹಾಕಿ, ಆಮೇಲೆ ಪೆಟ್ಟಿಗೆಯಲ್ಲಿ ಮೂರು ಮಳೆಗಾಲ ಇಟ್ಟಿದ್ದೆ. ಹೊರಗೆ ತೆಗೆದು ನೂರು ಹೆಜ್ಜೆ ನಡೆದಿರಲಿಲ್ಲ, ಸೋಲ್ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಸೋಲಿನಲ್ಲಿ ಪಾಲಿಯುರಿಥೇನ್ ಇದ್ದರೆ ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತೆ, ಹಾಕದೆ ಇಟ್ಟರೂ ಹಾಳಾಗುತ್ತೆ. ನಮ್ಮ ಊರಿನ ತೇವಕ್ಕೆ ಇನ್ನೂ ಬೇಗ. ರಬ್ಬರ್ ಸೋಲ್ ಹೊಲಿಗೆ ಹಾಕಿ ಕೂರಿಸಿದ್ದು ಸಿಕ್ಕರೆ ಒಳ್ಳೇದು, ಸವೆದ ಮೇಲೆ ಸೋಲ್ ಬದಲಾಯಿಸಬಹುದು.

ನೆನೆದ ಬೂಟನ್ನು ಒಲೆ ಹತ್ತಿರ ಇಡಬೇಡಿ. ಚರ್ಮ ಬಿರಿಯುತ್ತೆ, ಅಂಟು ಬಿಡುತ್ತೆ. ಇನ್‌ಸೋಲ್ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಿ. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡಿ.

ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ದಯವಿಟ್ಟು ಡಾಕ್ಟರಿಗೆ ಪಾದ ತೋರಿಸಿಯೇ ಬೂಟು ತಗೊಳ್ಳಿ. ನಮ್ಮ ತಂದೆಗೆ ಪಾದದಲ್ಲಿ ಸ್ಪರ್ಶ ಕಡಿಮೆ ಆಗಿತ್ತು, ಬೂಟು ಕಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಹುಣ್ಣು ವಾಸಿಯಾಗೋಕೆ ನಾಲ್ಕು ತಿಂಗಳು ಬೇಕಾಯಿತು.

ರೋಬಸ್ಟಾ_ಸಿದ್ದಾಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಕ್ಕರೆ ಕಾಯಿಲೆ ಇಲ್ಲ, ಹೋದ ತಿಂಗಳೇ ಪರೀಕ್ಷೆ ಮಾಡಿಸಿದ್ದೆ.

ನಿನ್ನೆ ಸಂಜೆ ಅಳತೆ ತಗೊಂಡೆ, ಮಗಳು ಗೆರೆ ಎಳೆದಳು. ಎಡಗಾಲು ಉದ್ದ 266 ಮಿಲಿಮೀಟರ್, ಅಗಲ 113. ಬಲಗಾಲು 264, ಅಗಲ 110. ಎರಡು ಕಾಲು ಬೇರೆ ಬೇರೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಆಣಿ ಎಡಗಾಲಿಗೇ ಯಾಕೆ ಆಯಿತು ಅಂತ ಈಗ ತಿಳಿಯಿತು. 10 ನಂಬರ್ ಬೂಟಿನ ಇನ್‌ಸೋಲ್ ಮೇಲೆ ನಿಂತರೆ ಮುಂದೆ ಒಂದು ಹೆಬ್ಬೆರಳಷ್ಟು ಖಾಲಿ, ಪಕ್ಕದಲ್ಲಿ ಕಿರುಬೆರಳು ಅರ್ಧಕ್ಕರ್ಧ ಹೊರಗೆ.

ತಮ್ಮನಿಗೆ ಹೇಳಿದ್ದೇನೆ, ಬೆಚ್ಚಗಿನ ಪದರ ಇಲ್ಲದ 8 ಇಂಚು ಎತ್ತರದ್ದು, ಇಇ ಅಗಲ, ರಬ್ಬರ್ ಸೋಲ್ ಹೊಲಿದದ್ದು. ಪುತ್ತರಿ ತನಕ ಅಕ್ಕ ಹೇಳಿದ ಕ್ಯಾನ್ವಾಸ್ ಬೂಟು ಹಾಕ್ತೇನೆ. ಇಇ ಸಾಕಾ, 4ಇ ಬೇಕಾ, ಅದೊಂದು ಇನ್ನೂ ಗೊಂದಲ.

ಬರೆ_ಹತ್ತುವವ (ನಾಪೋಕ್ಲು)

113 ಅಂದರೆ ಇಇ ಬಿಗಿ ಆಗಬಹುದು ಅಣ್ಣ. ಎಡಗಾಲಿನ ಗೆರೆಯ ಕಾಗದ ಕತ್ತರಿಸಿ, ಫೋಟೋ ಬೇಡ, ಅದರ ಅಳತೆ ಬರೆದು ಕಳಿಸಿ. ನಿಮ್ಮ ತಮ್ಮ ಅಲ್ಲಿ ಅದೇ ಅಳತೆಗೆ ರಟ್ಟು ಕತ್ತರಿಸಿಕೊಂಡು ಅಂಗಡಿಗೆ ಹೋಗಿ, ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲಿಟ್ಟು ನೋಡಲಿ. ಅಮೆರಿಕದ ಹಳೇ ಶೂ ಅಂಗಡಿಗಳಲ್ಲಿ ಬ್ರ್ಯಾನಕ್ ಅಂತ ಲೋಹದ ಅಳತೆ ಹಲಗೆ ಇರುತ್ತೆ, ಉದ್ದ ಅಗಲ ಎರಡೂ ಅದರಲ್ಲೇ ಬರುತ್ತೆ, ರಟ್ಟನ್ನು ಅದರ ಮೇಲಿಟ್ಟರೆ ಅಂದಾಜು ಅಕ್ಷರ ಸಿಗುತ್ತೆ. ಇಇಯಲ್ಲಿ ರಟ್ಟು ಪಕ್ಕಕ್ಕೆ ಚಾಚಿದರೆ 4ಇ ಕೇಳಲಿ. ವಾಪಸ್ ತಗೊಳ್ಳೋ ಅಂಗಡಿಯಾದರೆ ಎರಡನ್ನೂ ತಂದು, ನೀವು ಮನೆಯ ಒಳಗೇ ಹಾಕಿ ನಡೆದು ನೋಡಿ, ಆಗದ್ದನ್ನು ಅವರ ಕೈಯಲ್ಲೇ ವಾಪಸ್ ಕಳಿಸಬಹುದು. ಅಂಗಳಕ್ಕೆ ಮಾತ್ರ ಇಳಿಯಬೇಡಿ, ಸೋಲಿಗೆ ಮಣ್ಣು ಅಂಟಿದರೆ ವಾಪಸ್ ತಗೊಳ್ಳಲ್ಲ.