1982ರ ಅಮೆರಿಕನ್ ಸೆಂಟ್: ಲಾರ್ಜ್ ಡೇಟ್ ಯಾವುದು, ಸ್ಮಾಲ್ ಡೇಟ್ ಯಾವುದು? (ಪರಿಹಾರವಾಗಿದೆ)

ಮಲೆನಾಡ_ಟಂಕ:
ಅಮೆರಿಕದಿಂದ ಬಂದ ಒಂದು ಡಬ್ಬಿ ಚಿಲ್ಲರೆಯಲ್ಲಿ 1982ರ ಲಿಂಕನ್ ಸೆಂಟ್‌ಗಳು ಮೂವತ್ತರ ಹತ್ತಿರ ಇವೆ. ಲೋಹ, ಇಸವಿಯ ಅಚ್ಚು (ಲಾರ್ಜ್ ಡೇಟ್ ಅಂದರೆ ದೊಡ್ಡ ಇಸವಿ, ಸ್ಮಾಲ್ ಡೇಟ್ ಅಂದರೆ ಚಿಕ್ಕ ಇಸವಿ) ಸೇರಿ ಏಳು ಬಗೆ ಇವೆ ಅಂತ ಓದಿದೆ, ಆದರೆ ನನ್ನ ಕಣ್ಣಿಗೆ ಇಸವಿಯ ಗಾತ್ರ ಎಲ್ಲದರಲ್ಲೂ ಒಂದೇ. ಅಡುಗೆಮನೆಯ ತೂಕದ ಯಂತ್ರದಲ್ಲಿ ಎಲ್ಲವೂ 3 ಗ್ರಾಂ ತೋರಿಸುತ್ತಿವೆ. ಇಸವಿಯ ಕೆಳಗೆ ‘ಡಿ’ ಇರುವ ಒಂದು ನಾಣ್ಯ ಸ್ಮಾಲ್ ಡೇಟ್ ಥರ ಕಾಣುತ್ತಿದೆ. ಅದೂ 3 ಗ್ರಾಂ ಅಂದರೆ ತಾಮ್ರದ್ದೇ ಅಲ್ಲವಾ? ಫೋಟೋ ಹಾಕಿದ್ದೇನೆ, ದಯವಿಟ್ಟು ನೋಡಿ.

ಅಚ್ಚುಮೊಳೆ:
ಸರ್, ಮೊದಲು ಆ ಯಂತ್ರ ಪಕ್ಕಕ್ಕಿಡಿ. ತಾಮ್ರದ ಸೆಂಟ್ 3.11 ಗ್ರಾಂ, ಸತುವಿನದು 2.5 ಗ್ರಾಂ. ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಯಂತ್ರ ಎರಡನ್ನೂ 3 ಅನ್ನಬಹುದು. ನಿಮಗೆ ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಯಂತ್ರ. ಕೊಳ್ಳುವುದು ಬೇಡ ಅಂದರೆ ಗುರುತಿನ ಅಕ್ಕಸಾಲಿಗರ ಬಳಿ ಎರಡು ನಿಮಿಷದ ಕೆಲಸ.

ಹಿನ್ನೆಲೆ ಇಷ್ಟು: ತಾಮ್ರದ ಬೆಲೆ ಏರಿದ್ದರಿಂದ 1982ರ ನಡುವೆಯೇ ಲೋಹ ಬದಲಾಯಿತು. ಅದಕ್ಕೆ ಮುಂಚೆ ನೂರಕ್ಕೆ 95 ಪಾಲು ತಾಮ್ರ, 5 ಪಾಲು ಸತು. ಆಮೇಲೆ ಒಳಗೆಲ್ಲ ಸತು, ಮೇಲೆ ತಾಮ್ರದ ತೆಳು ಲೇಪ. ಅದೇ ವರ್ಷ ಇಸವಿಯ ಅಚ್ಚನ್ನೂ ತಿದ್ದಿದರು. ಎರಡು ಬದಲಾವಣೆ ಒಂದೇ ವರ್ಷ ಬಿದ್ದದ್ದರಿಂದ ಈ ಗೋಜಲು. ‘ಡಿ’ ಇಲ್ಲದವುಗಳಲ್ಲಿ ನಾಲ್ಕೂ ಜೋಡಿ ಸಿಗುತ್ತವೆ: ತಾಮ್ರ-ಲಾರ್ಜ್, ತಾಮ್ರ-ಸ್ಮಾಲ್, ಸತು-ಲಾರ್ಜ್, ಸತು-ಸ್ಮಾಲ್. ಡೆನ್ವರ್ ಟಂಕಸಾಲೆಯ ‘ಡಿ’ಯಲ್ಲಿ ಮೂರೇ: ತಾಮ್ರ-ಲಾರ್ಜ್, ಸತು-ಲಾರ್ಜ್, ಸತು-ಸ್ಮಾಲ್. ಅಲ್ಲಿಗೆ ಏಳು. ‘ಡಿ’ ತಾಮ್ರ-ಸ್ಮಾಲ್ ಇರಲೇಬಾರದಾಗಿತ್ತು. 2016ರಲ್ಲಿ ಮೊದಲನೆಯದು ಸಿಕ್ಕಿತು, ಮರುವರ್ಷದ ಹರಾಜಿನಲ್ಲಿ 18,800 ಡಾಲರ್‌ಗೆ ಹೋಯಿತು. ಅದಕ್ಕೇ ಎಲ್ಲರೂ ‘ಡಿ’ ಹುಡುಕುತ್ತಾರೆ, ಅದಕ್ಕೇ ಎಲ್ಲರೂ ಎಡವುತ್ತಾರೆ.

ಈಗ ಇಸವಿ. ಲಾರ್ಜ್, ಸ್ಮಾಲ್ ಅನ್ನುವ ಹೆಸರು ನಂಬಿ ಗಾತ್ರ ಅಳೆಯಲು ಹೋಗಬೇಡಿ. ಅಂಕಿಗಳ ಆಕಾರ ನೋಡಿ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಸಾಕು, ಬೆಳಕು ಮೇಲಿನಿಂದಲ್ಲ, ಪಕ್ಕದಿಂದ ಓರೆಯಾಗಿ ಬೀಳಲಿ.

ಮೊದಲು 8. ಮೇಲಿನ ಸೊನ್ನೆಯೂ ಕೆಳಗಿನ ಸೊನ್ನೆಯೂ ಹೆಚ್ಚುಕಡಿಮೆ ಸಮ ಇದ್ದರೆ ಲಾರ್ಜ್. ಮೇಲಿನದು ಎದ್ದು ಕಾಣುವಷ್ಟು ಚಿಕ್ಕದಿದ್ದರೆ ಸ್ಮಾಲ್. ಆಮೇಲೆ 2. ತಲೆಯಿಂದ ಪಾದಕ್ಕೆ ಇಳಿಯುವ ಗೆರೆ ಲಾರ್ಜ್‌ನಲ್ಲಿ ಸುಮಾರು ನೇರ, ಸ್ಮಾಲ್‌ನಲ್ಲಿ ಬಳುಕಿ ಇಳಿಯುತ್ತದೆ. ಎರಡೂ ಗುರುತು ಒಂದೇ ಮಾತು ಹೇಳಬೇಕು. 8 ಒಂದು, 2 ಇನ್ನೊಂದು ಹೇಳಿದರೆ ನಾಣ್ಯ ಸವೆದಿದೆ ಅಥವಾ ನೀವು ಓರೆಯಾಗಿ ನೋಡುತ್ತಿದ್ದೀರಿ.

ನಿಮ್ಮ ಫೋಟೋದಲ್ಲಿ ಆಗಿರುವುದು ಎರಡನೆಯದು. ಮೊಬೈಲನ್ನು ನಾಣ್ಯದ ಕೆಳ ಅಂಚಿನ ಕಡೆಯಿಂದ ವಾಲಿಸಿ ಹಿಡಿದಿದ್ದೀರಿ. ಹತ್ತಿರದ ಭಾಗ ದೊಡ್ಡದಾಗಿ, ದೂರದ ಭಾಗ ಚಿಕ್ಕದಾಗಿ ಬರುತ್ತದೆ, 8ರ ಮೇಲಿನ ಸೊನ್ನೆ ತಾನಾಗಿ ಕುಗ್ಗುತ್ತದೆ. ಎರಡು ಪುಸ್ತಕದ ಮೇಲೆ ಮೊಬೈಲ್ ಇಟ್ಟು, ನೆಟ್ಟಗೆ ಮೇಲಿನಿಂದ ತೆಗೆಯಿರಿ. ನಾಣ್ಯದ ಅಂಚು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಆ ಫೋಟೋ ಕೆಲಸಕ್ಕೆ ಬಾರದು.

ಕರಾವಳಿ_ಕಾಸು:
ಯಂತ್ರ ಸಿಗುವವರೆಗೆ ಕಾಯಬೇಕಿಲ್ಲ. 30 ಸೆಂ.ಮೀ. ಅಡಿಪಟ್ಟಿಯನ್ನು ಗುಂಡು ಪೆನ್ಸಿಲ್ ಮೇಲೆ ಅಡ್ಡ ಇಟ್ಟು ಸಮ ಮಾಡಿ. ಪೆನ್ಸಿಲ್ ಉರುಳದ ಹಾಗೆ ಎರಡೂ ತುದಿಗೆ ಚೂರು ಮೇಣ ಒತ್ತಿ. ಪಟ್ಟಿಯ ಒಂದು ತುದಿಗೆ 1981ರ ಸೆಂಟ್, ಇನ್ನೊಂದು ತುದಿಗೆ ಅಷ್ಟೇ ದೂರದಲ್ಲಿ ನಿಮ್ಮ 1982. ನಿಮ್ಮದು ಸತುವಿನದಾದರೆ ಆ ಬದಿ ಮೇಲೇಳುತ್ತದೆ. 1981ರದು ಖಂಡಿತ ತಾಮ್ರ, ಅದಕ್ಕೇ ಅದು. 1983ರದ್ದನ್ನೂ ಇಟ್ಟು ನೋಡಿಕೊಳ್ಳಿ, ಪಟ್ಟಿ ಎಷ್ಟು ವಾಲುತ್ತದೆ ಅನ್ನುವುದು ಕಣ್ಣಿಗೆ ಕೂರುತ್ತದೆ.

ಸದ್ದಿನ ಪರೀಕ್ಷೆಯೂ ಉಂಟು: ಬೆರಳ ತುದಿಯಲ್ಲಿ ಕೂರಿಸಿ ಇನ್ನೊಂದು ನಾಣ್ಯದಿಂದ ತಟ್ಟಿದರೆ ತಾಮ್ರದ್ದು ಟಿಣ್ ಎಂದು ಎಳೆಯುತ್ತದೆ, ಸತುವಿನದು ಟಕ್ ಎಂದು ಸುಮ್ಮನಾಗುತ್ತದೆ. ಮೊದಲ ಸುತ್ತಿಗೆ ಸಾಕು. ಅಂಚನ್ನು ಅರದಿಂದ ಉಜ್ಜಿ ಒಳಗಿನ ಬಣ್ಣ ನೋಡುವವರಿದ್ದಾರೆ. ಬೇಡವೇ ಬೇಡ!

ಮಲೆನಾಡ_ಟಂಕ:
0.01 ಗ್ರಾಂ ಯಂತ್ರ ತಂದೆ. ಸ್ಮಾಲ್ ಅಂದುಕೊಂಡಿದ್ದ ‘ಡಿ’ 3.08. ಇನ್ನೊಂದು ‘ಡಿ’ 2.51. ‘ಡಿ’ ಇಲ್ಲದ ಒಂದು ಮಾತ್ರ 2.84 ತೋರಿಸುತ್ತಿದೆ, ಇದು ಯಾವ ಲೆಕ್ಕ? ಗುರುತಿನ ಅಕ್ಷರ ಇಲ್ಲ ಅಂದರೆ ಫಿಲಡೆಲ್ಫಿಯಾ ಟಂಕಸಾಲೆಯದು ತಾನೇ, ಈ ನಾಣ್ಯ ದೋಷದ್ದಾ? ಹೊಸ ಫೋಟೋ ಹಾಕಿದ್ದೇನೆ.

ಅಚ್ಚುಮೊಳೆ:
ಹೊಸ ಫೋಟೋ ಚೆನ್ನಾಗಿದೆ. 3.08ರ ‘ಡಿ’ಯಲ್ಲಿ 8ರ ಎರಡೂ ಸೊನ್ನೆ ಸಮ, 2ರ ಇಳಿಗೆರೆ ನೇರ. ತಾಮ್ರ-ಲಾರ್ಜ್. ಸಾಮಾನ್ಯ ನಾಣ್ಯ.

2.84 ಎರಡು ಕಡೆಯೂ ಸಲ್ಲದ ತೂಕ. ತಾಮ್ರದ್ದಕ್ಕೆ 0.13, ಸತುವಿನದಕ್ಕೆ 0.10 ಗ್ರಾಂ ಅತ್ತಿತ್ತ ಆಗಬಹುದು. ಅಂದರೆ ತಾಮ್ರ 2.98ಕ್ಕಿಂತ ಕೆಳಗೆ ಬರಬಾರದು, ಸತು 2.60 ದಾಟಬಾರದು. ನಡುವಿನ ಅಂಕಿ ಬಂದರೆ ನಾಣ್ಯಕ್ಕಿಂತ ಮೊದಲು ತೂಗಿದ ರೀತಿಯನ್ನು ಸಂಶಯಿಸಿ. ಪ್ಲಾಸ್ಟಿಕ್ ಕವರ್ ತೆಗೆದಿರಾ? ಫ್ಯಾನ್ ಆರಿಸಿದಿರಾ? ಯಂತ್ರದ ಜೊತೆ ಬಂದ ತೂಕದ ಬಟ್ಟಿಟ್ಟು ಸರಿಮಾಡಿದಿರಾ? ಯಂತ್ರ ಸರಿ ಇದೆಯೋ ನೋಡಲು 1983ರ ನಂತರದ ಹತ್ತು ಸೆಂಟ್ ಒಟ್ಟಿಗಿಡಿ, 25ರ ಆಸುಪಾಸು ಬರಬೇಕು. ಹಳೆಯ ತಾಮ್ರದವು ಹತ್ತಾದರೆ 31.

ಅಂದಹಾಗೆ, ಗುರುತಿಲ್ಲದ್ದೆಲ್ಲ ಫಿಲಡೆಲ್ಫಿಯಾ ಅಲ್ಲ. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋ, ವೆಸ್ಟ್ ಪಾಯಿಂಟ್‌ಗಳಲ್ಲೂ ಗುರುತಿಲ್ಲದ ಸೆಂಟ್ ಹೊಡೆದಿದ್ದಾರೆ, ಬಿಡಿಸಿ ಹೇಳುವ ದಾರಿಯಿಲ್ಲ. ಆಲ್ಬಂನಲ್ಲಿ ‘ಗುರುತಿಲ್ಲ’ ಅಂತಲೇ ಬರೆಯಿರಿ. ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಇರುವ 1982 ಸಿಕ್ಕರೆ ಅದು ಪ್ರೂಫ್ ನಾಣ್ಯ (ಸಂಗ್ರಹಕಾರರಿಗೆಂದೇ ವಿಶೇಷವಾಗಿ ಹೊಡೆದದ್ದು), ತಾಮ್ರ-ಲಾರ್ಜ್ ಮಾತ್ರ.

ಮಲೆನಾಡ_ಟಂಕ:
ಕವರ್ ಸಮೇತ ತೂಗಿದ್ದೆ. ತೆಗೆದ ಮೇಲೆ 2.49. 8ರ ಮೇಲಿನ ಸೊನ್ನೆ ಚಿಕ್ಕದು, 2 ಬಳುಕಿದೆ. ಸತು-ಸ್ಮಾಲ್ ಅಂತ ಬರೆದುಕೊಂಡೆ. ಆದರೆ ಇನ್ನೊಂದು ಸತುವಿನದರಲ್ಲಿ ಅಂಕಿಗಳ ಪಕ್ಕ ಬೆಳ್ಳಗಿನ ಎರಡನೇ ಗೆರೆ ಇದೆ. ಡಬಲ್ ಡೈ (ಅಚ್ಚಿನಲ್ಲೇ ಅಂಕಿ ಎರಡೆರಡಾಗಿ ಮೂಡಿದ್ದು) ಇರಬಹುದಾ?

ಕರಾವಳಿ_ಕಾಸು:
ಅಲ್ಲ. ಅಚ್ಚು ಬಿದ್ದಾಗ ತಾಮ್ರದ ಲೇಪ ಅಂಕಿಯ ಬುಡದಲ್ಲಿ ಸೀಳಿ ಸತು ಇಣುಕಿದೆ. ಸತು ಸೆಂಟ್‌ಗಳಲ್ಲಿ ಇದು ಸಾಮಾನ್ಯ, ಬೆಲೆ ಇಲ್ಲ. ಮೇಲೆ ಗುಳ್ಳೆ ಎದ್ದಿದ್ದರೂ ಲೇಪದ ಕೆಳಗೆ ಸಿಕ್ಕಿಕೊಂಡ ಗಾಳಿ ಅಷ್ಟೆ.

ಆ ಸೀಳಿನಲ್ಲಿ ತೇವ ಹೊಕ್ಕರೆ ಸತು ಬೂದು ಪುಡಿಯಾಗುತ್ತದೆ, ನಮ್ಮ ಮಂಗಳೂರು ಕಡೆಯ ಮಳೆಗಾಲದಲ್ಲಂತೂ ಬೇಗ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ, ಪಿವಿಸಿ ಕವರ್ ಬೇಡ, ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರ್ ತಗೊಳ್ಳಿ. ಹುಣಸೆಹಣ್ಣು, ನಿಂಬೆಹಣ್ಣು ಹತ್ತಿರವೂ ತರಬೇಡಿ. ಹುಳಿ ತೆಳು ಲೇಪವನ್ನು ತಿಂದು ಸತು ಮುಟ್ಟುತ್ತದೆ. ತಾಮ್ರದ್ದು ಸಹ ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗಿ, ತೊಳೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಅಚ್ಚುಮೊಳೆ:
ಯಂತ್ರ ಹೊರಗಿರುವಾಗಲೇ ಡಬ್ಬಿಯಲ್ಲಿರುವ 1983ರವನ್ನೂ ಒಂದು ಸುತ್ತು ತೂಗಿಬಿಡಿ. ಅವೆಲ್ಲ 2.5 ಇರಬೇಕು. ಉಳಿದುಹೋದ ತಾಮ್ರದ ಬಿಲ್ಲೆಗಳ ಮೇಲೆ ಆ ವರ್ಷದ ಅಚ್ಚು ಬಿದ್ದ ಕೆಲವೇ ಕೆಲವು ಹೊರಗೆ ಬಂದಿವೆ. 3.1ರ ಹತ್ತಿರ ಬಂದರೆ ತೊಳೆಯದೆ, ಅಂಚು ಹಿಡಿದು ಎತ್ತಿಟ್ಟು, ಎರಡೂ ಬದಿಯ ಫೋಟೋ ಮತ್ತು ಯಂತ್ರದ ಅಂಕಿ ಇಲ್ಲಿ ಹಾಕಿ.