ಕೀ ತೆಗೆದರೂ ನಿಲ್ಲದ ಜೀಪು: ತೋಟದ ಡೀಸೆಲ್ ವಾಹನಗಳ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಕಾಫಿ ಕೊಯ್ಲು ಶುರುವಾಗಿರುವುದರಿಂದ ತೋಟದ ಜೀಪುಗಳಿಗೆ ಈಗ ಬಿಡುವಿಲ್ಲ. ಮೂವತ್ತು ವರ್ಷಗಳಿಂದ ಡೀಸೆಲ್ ಜೀಪುಗಳನ್ನೇ ಬಿಚ್ಚಿ ಕಟ್ಟುತ್ತಿರುವ ನಮ್ಮ ಮೇಸ್ತ್ರಿಗಳು ಈ ಸಂಜೆ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಜೀಪನ್ನು ಅಪಾಯವಿಲ್ಲದೆ ಓಡಿಸುವುದಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಎಂದಿನಂತೆ ಹೆಸರಿನ ಬದಲು ಊರು ಬರೆದರೆ ಸಾಕು.

ಮೂಡಿಗೆರೆ: ಮೇಸ್ತ್ರಿಗಳೇ, ಕೆಂಪು ಮಣ್ಣಿನ ಕೆಸರಿನಲ್ಲಿ ಟೈರಿನ ಗಾಳಿಯನ್ನು ಎಷ್ಟಕ್ಕೆ ಇಳಿಸಬಹುದು?

ಮೇಸ್ತ್ರಿ: ನಿಧಾನವಾಗಿ ಹೋಗುವುದಾದರೆ 20 ಪಿಎಸ್‌ಐವರೆಗೆ ಇಳಿಸಬಹುದು. ಟಾರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರು ಕಾದು ಒಡೆಯುತ್ತದೆ. ಜೀಪಿನಲ್ಲಿ ಪಂಪು ಇಲ್ಲದವರು ಇಳಿಸುವ ಗೋಜಿಗೇ ಹೋಗಬೇಡಿ.

ಕಳಸ: ಮೇಸ್ತ್ರಿಗಳೇ, ನಮಸ್ಕಾರ. ನಿನ್ನೆ ಸಂಜೆ ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ನಮ್ಮದು ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಇಲ್ಲದ ಹಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಜೀಪು. ಹಿಂದೆ ನಾಲ್ವರು ಆಳುಗಳು ಕುಳಿತಿದ್ದರು. ಮೇಲಿನ ಕಣಕ್ಕೆ ಹೋಗುವ ಕಡಿದಾದ ಏರಿನಲ್ಲಿ, ನಾನು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ತಾನಾಗಿಯೇ ಕೂಗತೊಡಗಿತು. ಹಿಂದುಗಡೆ ಮರಗಳೇ ಕಾಣದಷ್ಟು ನೀಲಿ-ಬಿಳಿ ಹೊಗೆ. ಕ್ಲಚ್ ಒತ್ತಿ, ಬ್ರೇಕ್ ಹಿಡಿದು ಕೀ ತೆಗೆದೆ. ಕೂಗು ಇನ್ನೂ ಹೆಚ್ಚಾಯಿತೇ ಹೊರತು ಎಂಜಿನ್ ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಎಲ್ಲರೂ ಹಾರಿಕೊಂಡೆವು. ಸುಮಾರು ಒಂದು ನಿಮಿಷದ ಮೇಲೆ ತಾನೇ ನಿಂತಿತು. ಈ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಏನೂ ಆಗದಂತೆ ಓಡುತ್ತಿದೆ. ನಾಳೆ ಕೊಯ್ಲಿಗೆ ಆಳುಗಳನ್ನು ಕರೆದುಕೊಂಡು ಹೋಗಬಹುದೇ?

ಮೇಸ್ತ್ರಿ: ಬೇಡ. ದಯವಿಟ್ಟು ಇನ್ನೊಮ್ಮೆ ಸ್ಟಾರ್ಟ್ ಕೂಡ ಮಾಡಬೇಡಿ. ಮೂರು ವಿಷಯ ನೋಡಿ ತಿಳಿಸಿ: ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದಿರಿ, ಈಗ ಆಯಿಲ್ ಕಡ್ಡಿಯಲ್ಲಿ ಮಟ್ಟ ಎಲ್ಲಿದೆ, ಏರ್ ಫಿಲ್ಟರ್ ಕಾಗದದ್ದೋ ಅಥವಾ ತಳದಲ್ಲಿ ಆಯಿಲ್ ಹಾಕುವ ಹಳೆಯ ಡಬ್ಬಿಯೋ?

ತೀರ್ಥಹಳ್ಳಿ: ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಆಗದ ಡೀಸೆಲ್ ಗಾಡಿಗೆ ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲ್ ಬೆರೆಸಿದರೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಏಳುತ್ತದೆ ಎಂದು ಬೇರೆ ಗುಂಪಿನಿಂದ ಬಂದ ಸಂದೇಶವನ್ನು ಇಲ್ಲಿ ಹಂಚುತ್ತಿದ್ದೇನೆ. ಎಲ್ಲರಿಗೂ ಉಪಯೋಗವಾಗಲಿ.

ಮೇಸ್ತ್ರಿ: ಯಾರಿಗೂ ಉಪಯೋಗವಾಗುವುದಿಲ್ಲ. ಎಂಜಿನ್ನಿಗೆ ಡೀಸೆಲ್ ಕಳುಹಿಸುವ ಪಂಪಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಆ ಜಿಡ್ಡನ್ನು ತೊಳೆದು ಪಂಪನ್ನು ತಿನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಪೆಟ್ರೋಲ್ ಬೆರೆತ ಟ್ಯಾಂಕಿನ ಆವಿ ಒಂದು ಬೀಡಿಯ ಕಿಡಿಗೇ ಹೊತ್ತಿಕೊಳ್ಳುತ್ತದೆ. ನಮ್ಮ ಕಡೆಯ ಚಳಿ ಡೀಸೆಲ್ಲನ್ನು ಹೆಪ್ಪುಗಟ್ಟಿಸುವಂಥ ಚಳಿಯಲ್ಲ. ಬೆಳಿಗ್ಗೆ ಏಳದಿದ್ದರೆ ಎಂಜಿನ್ ಬಿಸಿ ಮಾಡುವ ಗ್ಲೋ ಪ್ಲಗ್, ಬ್ಯಾಟರಿ, ಪೈಪಿನಲ್ಲಿ ಸೇರಿಕೊಂಡ ಗಾಳಿ, ಈ ಮೂರನ್ನು ನೋಡಿಸಿ.

ಸೋಮವಾರಪೇಟೆ: ಏರಿನ ಅರ್ಧದಲ್ಲಿ ಎಂಜಿನ್ ಆಫ್ ಆದರೆ ಜೀಪನ್ನು ತಿರುಗಿಸಿಕೊಂಡು ಕೆಳಗೆ ಬರಬೇಕೇ ಅಥವಾ ಹಿಂದಕ್ಕೇ ಬರಬೇಕೇ?

ಮೇಸ್ತ್ರಿ: ತಿರುಗಿಸಲೇಬಾರದು. ಏರಿಗೆ ಅಡ್ಡವಾಗಿ ನಿಂತ ಜೀಪು ಉರುಳಲು ಒಂದು ಬೇರು ಸಾಕು. ಬ್ರೇಕ್ ಬಿಡದೆ ಹ್ಯಾಂಡ್ ಬ್ರೇಕ್ ಎಳೆಯಿರಿ, ಫೋರ್ ವೀಲ್ ಲೋದಲ್ಲಿ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ರಿವರ್ಸ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಪೂರ್ತಿ ಬಿಡಿ, ಆಮೇಲೆ ಬ್ರೇಕನ್ನು ಮೆಲ್ಲಗೆ ಸಡಿಲಿಸುತ್ತ ಹೋದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಬನ್ನಿ. ಕೆಳಗೆ ಬರುವವರೆಗೆ ಕ್ಲಚ್‌ಗೆ ಕಾಲು ತಾಗಬಾರದು.

ಶನಿವಾರಸಂತೆ: ಅಣ್ಣ, ಸಂಜೆ ಹಣ್ಣಿನ ಚೀಲಗಳ ಮೇಲೆಯೇ ಹೆಂಗಸರು ಕುಳಿತು ಕಣಕ್ಕೆ ಬರುತ್ತಾರೆ. ನಮ್ಮ ಜೀಪಿಗೆ ಹಿಂದೆ ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಬೇಡ ಎಂದರೆ ತೋಟದ ಲೆಕ್ಕ ಬರೆಯುವ ರೈಟರ್ ನಗುತ್ತಾರೆ. ಎಷ್ಟು ಚೀಲಕ್ಕೆ ಎಷ್ಟು ಜನ ಎಂಬ ಲೆಕ್ಕವೇನಾದರೂ ಇದೆಯೇ? ಅಪಘಾತವಾದರೆ ವಿಮೆ ಸಿಗುತ್ತದೆಯೇ?

ಕಳಸ: ಮೇಸ್ತ್ರಿಗಳೇ, ನೋಡಿದೆ. ಆಯಿಲ್ ಬದಲಾಯಿಸಿ ಇಪ್ಪತ್ತು ದಿನವಾಯಿತು. ಆಗ ಮೇಲಿನ ಗೆರೆಯವರೆಗೆ ನಾನೇ ನಿಂತು ಹಾಕಿಸಿದ್ದೆ. ಈಗ ಕಡ್ಡಿಯಲ್ಲಿ ಮೇಲಿನ ಗೆರೆಗಿಂತ ಒಂದೂವರೆ ಬೆರಳು ಮೇಲಿದೆ. ಏರ್ ಫಿಲ್ಟರ್ ಆಯಿಲ್ ಡಬ್ಬಿಯದ್ದೇ.

ಮೇಸ್ತ್ರಿ: ಆಯಿಲ್ ಕಡಿಮೆಯಾಗುವುದು ಎಲ್ಲ ಹಳೆಯ ಜೀಪುಗಳ ಸ್ವಭಾವ. ಯಾರೂ ಹಾಕದೆ ಹೆಚ್ಚಾಗಿದೆ ಎಂದರೆ ಬೇರೆ ಏನೋ ಅದರೊಳಕ್ಕೆ ಇಳಿಯುತ್ತಿದೆ. ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಬಿಳಿಯ ಕಾಗದದ ಮೇಲೆ ಬಿಟ್ಟು ಒಂದು ಗಂಟೆ ಬಿಡಿ. ನಡುವಿನ ಕಪ್ಪು ಕಲೆಯ ಸುತ್ತ ತಿಳಿಯಾದ ಅಗಲ ಉಂಗುರ ಹರಡಿಕೊಂಡರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಡೀಸೆಲ್ ಪಂಪಿನ ಸೀಲು ಹೋಗಿ ಡೀಸೆಲ್ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪು ಎನ್ನುವುದಕ್ಕೆ, ಇಳಿಯುತ್ತಿದೆ ಎಂದು ತಿಳಿಯಿರಿ. ಹೊರಗೆ ಒಂದು ತೊಟ್ಟೂ ಸೋರದ ಕಾರಣ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿನ್ನೆ ಏನಾಯಿತು ಎಂಬುದನ್ನು ಉಳಿದವರೂ ಓದಲಿ ಎಂದು ವಿವರವಾಗಿಯೇ ಬರೆಯುತ್ತೇನೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಕೀ ತೆಗೆದರೆ ಕಿಡಿ ನಿಲ್ಲುತ್ತದೆ, ಎಂಜಿನ್ನೂ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಹದಿನೆಂಟು ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಕಾವಿನಲ್ಲೇ ಅದು ಉರಿಸುತ್ತದೆ, ಮತ್ತು ಒಳಗೆ ಬಂದದ್ದು ಡೀಸೆಲ್ಲೋ ಎಂಜಿನ್ ಆಯಿಲ್ಲೋ ಎಂದು ವಿಚಾರಿಸುವುದಿಲ್ಲ. ಕೀ ತೆಗೆದಾಗ ನಿಲ್ಲುವುದು ಪಂಪಿನಿಂದ ಬರುವ ಡೀಸೆಲ್ ಮಾತ್ರ. ನಿಮ್ಮ ಸಂಪು ತುಂಬಿ ತುಳುಕುತ್ತಿತ್ತು. ಏರಿನಲ್ಲಿ ಜೀಪು ಓರೆಯಾದಾಗ ಸಂಪಿನ ಮೇಲೆಯೇ ತಿರುಗುವ ಕ್ರ್ಯಾಂಕ್ ಆ ತೆಳ್ಳಗಿನ ಆಯಿಲನ್ನು ಮಜ್ಜಿಗೆ ಕಡೆದಂತೆ ಕಡೆದು ಎರಚಿತು, ಅದು ಎಂಜಿನ್ನಿನೊಳಗಿನ ಆವಿಯನ್ನು ಹೊರಕ್ಕೆ ಬಿಡುವ ಬ್ರೀದರ್ ಪೈಪಿನ ಮೂಲಕ ಗಾಳಿಯ ದಾರಿಗೆ ಸೇರಿತು, ಎಂಜಿನ್ ತನ್ನ ಆಯಿಲನ್ನು ತಾನೇ ಕುಡಿದು ಓಡಿತು. ವೇಗ ಹೆಚ್ಚಿದಷ್ಟೂ ಎಳೆದುಕೊಳ್ಳುವುದೂ ಹೆಚ್ಚು. ಏರ್ ಫಿಲ್ಟರ್ ಡಬ್ಬಿಯಲ್ಲಿ ಗೆರೆ ಮೀರಿ ಆಯಿಲ್ ಹಾಕಿದ್ದರೂ ಹೀಗೇ ಆಗಬಹುದು. ಅದನ್ನೂ ಬಿಚ್ಚಿ ನೋಡಿ. ಟರ್ಬೋ ಇರುವ ಗಾಡಿಗಳಲ್ಲಿ ಟರ್ಬೋದ ಆಯಿಲ್ ಸೀಲು ಹೋದಾಗ ಇದೇ ಕಥೆ.

ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟು. ಸ್ಟಾಪ್ ನಾಬ್ ಇದ್ದರೆ ಮೊದಲು ಅದನ್ನು ಎಳೆಯಿರಿ. ನಿಲ್ಲದಿದ್ದರೆ ಕಾಲುಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕನೇ ಗೇರು ಹಾಕಿ ಕ್ಲಚ್ಚನ್ನು ಒಮ್ಮೆಗೇ ಬಿಡಿ. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಮೊದಲ ಗೇರಿನಲ್ಲಾಗಲಿ, ಲೋದಲ್ಲಾಗಲಿ ಇದನ್ನು ಮಾಡಿದರೆ ಅದು ಬ್ರೇಕನ್ನೂ ಮೀರಿ ಜೀಪನ್ನು ಎಳೆದುಕೊಂಡು ಹೋಗುತ್ತದೆ. ಕ್ಲಚ್ ಸವೆದು ಇದು ಫಲಿಸದಿದ್ದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚಬೇಕು. ಅಂಗೈ ಇಡಬಾರದು, ಬಟ್ಟೆ ತುರುಕಬಾರದು. ಬಟ್ಟೆಯನ್ನು ಅದು ನುಂಗುತ್ತದೆ, ಕೈಯನ್ನು ಬಿಡುವುದಿಲ್ಲ. ಎಂಜಿನ್ ಮಿತಿ ಮೀರಿ ಕೂಗುತ್ತಿದ್ದರೆ ಬಾನೆಟ್ಟಿನ ಹತ್ತಿರ ಹೋಗದೆ ದೂರ ಸರಿಯಿರಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಂಜಿನ್ ಬ್ಲಾಕನ್ನು ಸೀಳಿಕೊಂಡು ಹೊರಗೆ ಬಂದದ್ದನ್ನು ನಾನು ಎರಡು ಬಾರಿ ಕಂಡಿದ್ದೇನೆ. ನೀವು ಹಾರಿದ್ದು ತಪ್ಪಲ್ಲ, ಆದರೆ ಗೇರಿನಲ್ಲಿ ಇಲ್ಲದ ಜೀಪನ್ನು ಏರಿನಲ್ಲಿ ಬರೀ ಹ್ಯಾಂಡ್ ಬ್ರೇಕಿನ ಮೇಲೆ ಬಿಟ್ಟು ಹಾರಿದ್ದೀರಿ. ಹಿಂದಿನಿಂದ ಇಳಿದವರು ಅದರ ದಾರಿಯಲ್ಲೇ ನಿಂತಿದ್ದರು ಎಂಬುದನ್ನು ನೆನೆದರೆ ನನಗೆ ಭಯವಾಗುತ್ತದೆ.

ಜಯಪುರ: ಟಾರು ರಸ್ತೆಯಲ್ಲಿ ಮಳೆ ಇಲ್ಲದಾಗಲೂ ಫೋರ್ ವೀಲ್ ಹಾಕಿಕೊಂಡೇ ಹೋದರೆ ಹಿಡಿತ ಹೆಚ್ಚಲ್ಲವೇ?

ಮೇಸ್ತ್ರಿ: ಇಲ್ಲ. ಒಣ ಟಾರಿನಲ್ಲಿ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಎಳೆದಾಡಿ ಗೇರು ಮುರಿಯುತ್ತದೆ.

ಬಾಳೆಹೊನ್ನೂರು: ಹಳ್ಳ ದಾಟುವಾಗ ನೀರು ಎಷ್ಟಿದ್ದರೆ ಹೋಗಬಹುದು?

ಮೇಸ್ತ್ರಿ: ಮಹೀಂದ್ರದ ಹೊಸ ಥಾರ್ ಜೀಪಿಗೆ ಕಂಪನಿ ಹೇಳುವುದು 650 ಮಿಲಿಮೀಟರ್, ಅದೂ ನಿಂತ ನೀರಿನಲ್ಲಿ. ಹರಿಯುವ ನೀರಿಗೂ ಹಳೆಯ ಜೀಪಿಗೂ ಆ ಲೆಕ್ಕ ಅನ್ವಯಿಸುವುದಿಲ್ಲ. ತಳ ಕಾಣದಿದ್ದರೆ ಕೋಲು ಹಿಡಿದು ನಡೆದು ನೋಡಿ. ನೀವು ನಡೆಯಲಾರದ ಹಳ್ಳದಲ್ಲಿ ಜೀಪೂ ಹೋಗಬಾರದು. ನಡುವೆ ಆಫ್ ಆದರೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನೊಳಗೆ ಸೇರಿದ ನೀರನ್ನು ಒತ್ತಲು ಆಗುವುದಿಲ್ಲ, ರಾಡೇ ಬಗ್ಗುತ್ತದೆ.

ಕೊಪ್ಪ: ಮೇಸ್ತ್ರಿಗಳು ಎಲ್ಲವನ್ನೂ ಬಹಳ ಹೆದರಿಸಿ ಹೇಳುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಮೂವತ್ತೈದು ವರ್ಷಗಳಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನ್ಯೂಟ್ರಲ್‌ನಲ್ಲೇ ಇಳಿಯುತ್ತಿದ್ದೇನೆ. ನೇರ ದಾರಿ ಸಿಕ್ಕಲ್ಲಿ ಎಂಜಿನ್ನನ್ನೂ ಆಫ್ ಮಾಡುತ್ತೇನೆ. ಡೀಸೆಲ್ ಉಳಿದಿದೆ, ಮೈಗೆ ಒಂದು ಗಾಯವೂ ಆಗಿಲ್ಲ.

ನರಸಿಂಹರಾಜಪುರ: ಹಿರಿಯರ ಅನುಭವದ ಬಗ್ಗೆ ಗೌರವವಿದೆ. ಆದರೆ ಗೇರಿನಲ್ಲಿ ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಪಂಪು ಡೀಸೆಲ್ಲನ್ನು ತಡೆಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ಮನೆ ತಿರುಗಲೂ ಡೀಸೆಲ್ ಬೇಕು. ಹಾಗಾಗಿ ತಾವು ಉಳಿಸಿದ್ದೇನೂ ಇಲ್ಲ.

ಕೊಪ್ಪ: ಡೀಸೆಲ್ ಬಿಲ್ ಕಟ್ಟುವವನು ನಾನು. ಎಷ್ಟು ಉಳಿಯಿತೆಂದು ನನಗೆ ಗೊತ್ತು.

ನರಸಿಂಹರಾಜಪುರ: ಎಂಜಿನ್ ಆಫ್ ಮಾಡಿ ಘಾಟಿ ಇಳಿಯುತ್ತೇನೆ ಎಂದು ಹುಡುಗರೂ ಓದುವ ಗುಂಪಿನಲ್ಲಿ ಬರೆಯುವುದು ಹಿರಿತನವಲ್ಲ.

ಕೊಪ್ಪ: ನಿಮ್ಮ ಜೀಪು ಶೋರೂಮಿನಿಂದ ಹೊರಗೆ ಬಂದು ಎರಡು ವರ್ಷವಾಗಿಲ್ಲ. ನಮಗೆ ಪಾಠ ಹೇಳುವ ಅವಸರ ಬೇಡ.

ಮೂಡಿಗೆರೆ: ಇಬ್ಬರೂ ಬೇರೆಯಾಗಿ ಮಾತನಾಡಿಕೊಳ್ಳಬಹುದಲ್ಲವೇ? ಜೀಪಿಗೆ ಟ್ರೈಲರ್ ಕಟ್ಟುವ ಬಗ್ಗೆ ನನಗೊಂದು ಪ್ರಶ್ನೆ ಇತ್ತು.

ತೀರ್ಥಹಳ್ಳಿ: ಘಾಟಿಯಲ್ಲಿ ಬ್ರೇಕ್ ಕಾದರೆ ಡ್ರಮ್ಮಿಗೆ ತಣ್ಣೀರು ಸುರಿಯಬೇಕು ಎಂದು ಇನ್ನೊಂದು ಸಂದೇಶ ಬಂದಿದೆ.

ಮೇಸ್ತ್ರಿ: ತೀರ್ಥಹಳ್ಳಿಯವರೇ, ಕೆಂಪಗೆ ಕಾದ ಎರಕದ ಡ್ರಮ್ಮಿಗೆ ತಣ್ಣೀರು ಸುರಿದರೆ ಅದು ಬಿರಿಯುತ್ತದೆ. ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಸುಮ್ಮನೆ ಬಿಡಬೇಕು. ಬಂದ ಸಂದೇಶವನ್ನು ಕಳುಹಿಸುವ ಮೊದಲು ಒಮ್ಮೆ ಯೋಚಿಸಿ ಎಂದು ಇನ್ನು ಹೇಳುವುದಿಲ್ಲ, ಕಳುಹಿಸಲೇಬೇಡಿ.

ಕೊಪ್ಪದವರಿಗೆ: ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಬ್ರೇಕ್ ಪೆಡಲನ್ನು ಹಗುರ ಮಾಡುವ ನಿರ್ವಾತ ಹುಟ್ಟುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಹುಟ್ಟುವುದಿಲ್ಲ. ಅದಕ್ಕೆಂದೇ ಬೇರೆ ಪಂಪು ಇದೆ. ನಮ್ಮ ಕಡೆಯ ಹೆಚ್ಚಿನ ಡೀಸೆಲ್ ಜೀಪುಗಳಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ, ಬೆಲ್ಟಿನಿಂದ ತಿರುಗುತ್ತದೆ. ಎಂಜಿನ್ ಆಫ್ ಮಾಡಿದರೆ ಪಂಪು ನಿಂತು, ಎರಡು ಮೂರು ಬಾರಿ ಬ್ರೇಕ್ ಒತ್ತುವುದರೊಳಗೆ ಪೆಡಲ್ ಕಲ್ಲಿನಂತಾಗುತ್ತದೆ. ಬೆಲ್ಟ್ ತುಂಡಾದರೂ ಅಷ್ಟೇ. ಇಳಿಜಾರಿನಲ್ಲಿ ಎಂಜಿನ್ನೇ ನಿಮ್ಮ ಮೊದಲ ಬ್ರೇಕು. ಏರಲು ಯಾವ ಗೇರು ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ತಾವು ಕ್ಷೇಮವಾಗಿರುವುದು ಸಂತೋಷ. ಆದರೆ ಅದು ನ್ಯೂಟ್ರಲ್‌ನ ಗುಣವಲ್ಲ.

ಕೊಪ್ಪ: ಸರಿ. ನಾನು ಇನ್ನು ಇಲ್ಲಿ ಏನೂ ಬರೆಯುವುದಿಲ್ಲ.

ಸಿದ್ದಾಪುರ: ಫಿಲ್ಟರ್ ಬದಲಾಯಿಸಿದ ಮೇಲೆ ಗಾಳಿ ಸೇರಿದೆ. ಎಂಜಿನ್ ತಿರುಗಿಸುತ್ತ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿದರೆ ಗಾಳಿ ಹೋಗುತ್ತದೆ ಎಂದು ಪಕ್ಕದ ತೋಟದ ಡ್ರೈವರ್ ಹೇಳುತ್ತಾರೆ. ನಮ್ಮದು ಸಿಆರ್‌ಡಿಇ (ಹೊಸ ಬಗೆಯ ಕಾಮನ್ ರೈಲ್ ಡೀಸೆಲ್ ಎಂಜಿನ್).

ಮೇಸ್ತ್ರಿ: ಮುಟ್ಟಬೇಡಿ. ಅದು ಹಳೆಯ ಪಂಪಿನ ಜೀಪಿನ ಪದ್ಧತಿ. ಸಿಆರ್‌ಡಿಇ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಸಂದಿನಿಂದ ಬಂದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಮೊದಮೊದಲು ನೋವೂ ಅಷ್ಟಾಗಿ ಇರದಿರಬಹುದು, ಒಳಗೆ ಬೆರಳು ಸಾಯುತ್ತಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಮೆತ್ತಿಕೊಂಡು ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಎಂದೇ ಹೇಳಬೇಕು. ಗಾಳಿ ತೆಗೆಯಲು ಫಿಲ್ಟರಿನ ಬಳಿ ಇರುವ ಕೈಪಂಪು ಒತ್ತಿ, ಎಂಜಿನ್ ಆಫ್ ಇರುವಾಗ.

ಬೇಲೂರು: ಕೆಸರಿನಲ್ಲಿ ಟೈರಿಗೆ ಎಷ್ಟು ಗಾಳಿ ಇರಬೇಕು ಸಾರ್?

ಮೇಸ್ತ್ರಿ: ಮೊದಲ ಪ್ರಶ್ನೆಯನ್ನೇ ಓದಿ.

ಶನಿವಾರಸಂತೆ: ನನ್ನ ಪ್ರಶ್ನೆ ಮೇಲೆಯೇ ಉಳಿದಿದೆ. ಟೈರಿನ ಗಾಳಿಗೆ ಎರಡು ಬಾರಿ ಉತ್ತರ ಬಂತು, ಹೆಂಗಸರು ಚೀಲದ ಮೇಲೆ ಕೂರುವುದಕ್ಕೆ ಒಮ್ಮೆಯೂ ಇಲ್ಲ.

ನರಸಿಂಹರಾಜಪುರ: ಅಕ್ಕ, ಎಲ್ಲರ ತೋಟದಲ್ಲೂ ಹಾಗೆಯೇ ಬರುತ್ತಾರೆ. ಇಲ್ಲದಿದ್ದರೆ ಕತ್ತಲಾಗುತ್ತದೆ.

ಶನಿವಾರಸಂತೆ: ನ್ಯೂಟ್ರಲ್ ವಿಷಯದಲ್ಲಿ ಹಿರಿಯರಿಗೆ ಬುದ್ಧಿ ಹೇಳಿದ ತಾವೇ ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ ಎನ್ನುತ್ತಿದ್ದೀರಿ.

ಮೇಸ್ತ್ರಿ: ಅಮ್ಮ, ಕ್ಷಮಿಸಿ, ತಪ್ಪಿಹೋಗಿತ್ತು. ಚೀಲಕ್ಕೆ ಇಷ್ಟು ಜನ ಎಂಬ ಲೆಕ್ಕವಿಲ್ಲ. ಚೀಲದ ಮೇಲೆ ಒಬ್ಬರೂ ಕೂರಬಾರದು. ಎತ್ತರದಲ್ಲಿ ಕುಳಿತವರ ಭಾರ ಜೀಪನ್ನು ಓರೆ ದಾರಿಯಲ್ಲಿ ಬೇಗ ಉರುಳಿಸುತ್ತದೆ, ಮತ್ತು ಉರುಳಿದಾಗ ಮೊದಲು ಹೊರಗೆ ಬೀಳುವವರು ಅವರೇ, ಮೇಲೆ ಬೀಳುವುದು ಜೀಪು. ಜನರದ್ದು ಒಂದು ಟ್ರಿಪ್, ಚೀಲದ್ದು ಇನ್ನೊಂದು. ರೈಟರ್ ನಗಲಿ.

ಶನಿವಾರಸಂತೆ: ವಿಮೆಯ ಬಗ್ಗೆ?

ಬೇಲೂರು: ಟೈರು ರೇಡಿಯಲ್ ಆದರೂ ಅಷ್ಟೇ ಗಾಳಿಯೇ?

ಅಡ್ಮಿನ್: ಮೇಸ್ತ್ರಿಗಳು ಊಟಕ್ಕೆ ಹೋಗಿದ್ದಾರೆ. ದಯವಿಟ್ಟು ಹೊಸ ಪ್ರಶ್ನೆಗಳನ್ನು ಇಂದಿಗೆ ನಿಲ್ಲಿಸಿ.

ಕಳಸ: ಕಾಗದದ ಮೇಲೆ ಹನಿ ಬಿಟ್ಟು ನೋಡಿದೆ. ನಡುವೆ ಹತ್ತು ಪೈಸೆಯಷ್ಟು ಕಪ್ಪು, ಸುತ್ತ ಅಂಗೈಯಷ್ಟು ಅಗಲದ ತಿಳಿ ಉಂಗುರ. ಡೀಸೆಲ್ ವಾಸನೆ ಸ್ಪಷ್ಟವಾಗಿದೆ. ನಾಳೆ ಆಳುಗಳು ನಡೆದೇ ಬರುತ್ತಾರೆ.

ಮೇಸ್ತ್ರಿ: ಪಂಪನ್ನು ಬಿಚ್ಚಿಸಿ ಸೀಲು ಹಾಕಿಸಿ. ಆಯಿಲನ್ನು ಪೂರ್ತಿ ಇಳಿಸುವಾಗ ಬಿಳಿಯ ಬಟ್ಟೆಯ ಮೂಲಕ ಸೋಸಿ ನೋಡಿ. ಹೊಳೆಯುವ ಚೂರುಗಳು ಉಳಿದರೆ ಬೇರಿಂಗ್ ತೆಗೆದು ನೋಡದೆ ಎಂಜಿನ್ ತಿರುಗಿಸಬೇಡಿ. ನೋಡಿದ ಮೇಲೆ ಫೋಟೋ ನನಗೆ ನೇರವಾಗಿ ಕಳುಹಿಸಿ, ಗುಂಪಿಗೆ ಬೇಡ.